ಕಡತದ ಊರು: ಮನೆಯಲ್ಲಿ ಶಾಸನದ ಕಾಗದಗಳನ್ನು ಜೋಡಿಸುವ ಬಗೆ

ಕಚೇರಿಯ ಫೈಲಿಗೆ ನಾವು ‘ಕಡತ’ ಅಂತೀವಿ. ಇದು ಅನುವಾದಕ್ಕೆಂದು ಯಾರೋ ಈಚೆಗೆ ಕಟ್ಟಿದ ಪದವಲ್ಲ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ‘ಕಡಿತವೆರ್ಗಡೆ’ ಎಂಬ ಅಧಿಕಾರಿ ಬರುತ್ತಾನೆ. ಕಡಿತಗಳನ್ನು, ಅಂದರೆ ದಾಖಲೆ ಪುಸ್ತಕಗಳನ್ನು, ನೋಡಿಕೊಳ್ಳುವವನು ಆತ. ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಬರೆಯುತ್ತಿದ್ದ ಪುಸ್ತಕವೇ ಕಡತ. 1810ರಲ್ಲಿ ಮೈಸೂರಿನ ಇತಿಹಾಸ ಪ್ರಕಟಿಸಿದ ಮಾರ್ಕ್ ವಿಲ್ಕ್ಸ್ ಇದನ್ನು ವರ್ಣಿಸಿದ್ದಾನೆ: ಅಗಲ ಹೆಚ್ಚೆಂದರೆ ಒಂದಡಿ, ಉದ್ದ 12ರಿಂದ 18 ಅಡಿ. ಬರೆದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ತಾಮ್ರಪಟಗಳನ್ನು ನೋಡಿ, ಅಲ್ಲೂ ಇದೇ ಜಾಣತನ. ಹಲಗೆಗಳನ್ನು ಬಳೆಯಲ್ಲಿ ಪೋಣಿಸಿ ಮುದ್ರೆ ಒತ್ತಿದ್ದಾರೆ. ಮೊದಲ ಮತ್ತು ಕೊನೆಯ ಹಲಗೆಗಳ ಹೊರಮೈಯನ್ನು ಸಾಮಾನ್ಯವಾಗಿ ಖಾಲಿ ಬಿಟ್ಟಿದ್ದಾರೆ. ಸವೆದರೆ ಅದು ಸವೆಯಲಿ, ಒಳಗಿನ ಅಕ್ಷರ ಉಳಿಯಲಿ ಅಂತ.

ಇಷ್ಟು ಹಳೆಯ ಅಭ್ಯಾಸವಿರುವ ನಾಡಿನಲ್ಲಿ ಶಾಸನಾಸಕ್ತರ ಮನೆಯ ಕಾಗದಗಳು ಮಾತ್ರ ಅಟ್ಟದ ಮೇಲಿನ ಚೀಲದಲ್ಲಿರುತ್ತವೆ. ಪಡಿಯಚ್ಚು, ಕೈಬರಹದ ಪಾಠ, ಫೋಟೋ, ಜೆರಾಕ್ಸ್, ಊರವರು ಹೇಳಿದ್ದರ ಟಿಪ್ಪಣಿ, ಎಲ್ಲವೂ ಒಟ್ಟಿಗೆ. ಜೋಡಿಸಬೇಕು ಅಂತ ಕೂತಾಗ ಬರುವ ಮೊದಲ ಪ್ರಶ್ನೆ, ಯಾವುದರ ಪ್ರಕಾರ ಜೋಡಿಸೋದು?

ರಾಜವಂಶದ ಪ್ರಕಾರ ಎನ್ನುವವರು ಬಹಳ. ಕೇಳೋಕೆ ಚೆನ್ನಾಗಿದೆ, ಆದರೆ ಅರ್ಧಕ್ಕರ್ಧ ವೀರಗಲ್ಲುಗಳಲ್ಲಿ ರಾಜನ ಹೆಸರೇ ಸಿಗೋದಿಲ್ಲ. ಕಾಲದ ಪ್ರಕಾರ ಇಟ್ಟರೆ, ಲಿಪಿ ನೋಡಿ ಅಂದಾಜು ಮಾಡಿದ ಶತಮಾನ ನಾಳೆ ಬದಲಾಗಬಹುದು. ಅದೆಲ್ಲ ನಮ್ಮ ಅಭಿಪ್ರಾಯ. ಅಭಿಪ್ರಾಯದ ಮೇಲೆ ಕಪಾಟು ಕಟ್ಟಬಾರದು.

ಹಾಗಾದರೆ ಎಪಿಗ್ರಾಫಿಯಾ ಕರ್ನಾಟಿಕಾದ ಸಂಖ್ಯೆ ಸಾಕಲ್ಲ ಅಂತೀರಾ? ನನಗೂ ಅದರ ಮೇಲೆ ಗೌರವವಿದೆ. ಬಿ.ಎಲ್. ರೈಸ್ ತಾಲ್ಲೂಕುವಾರು ಸಂಖ್ಯೆ ಕೊಟ್ಟದ್ದರಿಂದಲೇ ಬೇಗೂರಿನ ‘ಬೆಂಗಳೂರು ಕಾಳಗ’ದ ವೀರಗಲ್ಲು ಬೆಂಗಳೂರು 83 ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಸಂಖ್ಯೆಗೂ ಆಯುಷ್ಯವಿದೆ. ಶ್ರವಣಬೆಳಗೊಳವನ್ನೇ ತಗೊಳ್ಳಿ. ರೈಸ್ 1889ರಲ್ಲಿ ಪ್ರಕಟಿಸಿದ್ದು 144 ಶಾಸನ. ಆರ್. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ 573. ಶಾಸನಗಳು ಸೇರಿದಂತೆಲ್ಲ ಸಂಖ್ಯೆಗಳೂ ಜರುಗಿದವು. ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯದನ್ನು ಆವರಣದಲ್ಲಿ ಕೊಡುವ ಪದ್ಧತಿ ಇಲ್ಲದಿದ್ದರೆ ಓದುಗರ ಗತಿ ದೇವರಿಗೇ ಗೊತ್ತು. ಸಂಪುಟದ ಸಂಖ್ಯೆಯೂ ಅಷ್ಟೆ. ‘ಎ.ಕ. 9’ ಅಂತ ಸುಮ್ಮನೆ ಬರೆದಿಟ್ಟರೆ ಹಳೆಯದರಲ್ಲಿ ಅದು ಬೆಂಗಳೂರು ಜಿಲ್ಲೆ, ಪರಿಷ್ಕೃತದಲ್ಲಿ ಬೇಲೂರು! ಜಿಲ್ಲೆಗಳೂ ನಿಲ್ಲುವುದಿಲ್ಲ. ರೈಸ್‌ನ ಕೋಲಾರ ಸಂಪುಟದಲ್ಲಿರುವ ಚಿಕ್ಕಬಳ್ಳಾಪುರ 2007ರಿಂದ ಬೇರೆ ಜಿಲ್ಲೆ.

ಹಾಗಾಗಿ ನಾನು ಊರಿನ ಪ್ರಕಾರ ಇಡುತ್ತೇನೆ. ಊರಿಗೊಂದು ರಟ್ಟಿನ ಹೊದಿಕೆ, ಅಕಾರಾದಿಯಾಗಿ. ಹೊಸಹಳ್ಳಿಗಳು ನೂರಾರು ಇರೋದರಿಂದ ಹೆಸರಿನ ಕೆಳಗೆ ಹೋಬಳಿ, ತಾಲ್ಲೂಕು ಕಡ್ಡಾಯ. ಒಳಗೆ ಕಲ್ಲಿಗೊಂದು ಸಂಖ್ಯೆ, ನನ್ನದೇ: ಬೇಗೂರು-1, ಬೇಗೂರು-2. ಹೊಸ ಕಲ್ಲು ಸಿಕ್ಕರೆ ಕೊನೆಯಲ್ಲಿ ಸೇರಿಸುತ್ತೇನೆ, ನಡುವೆ ತುರುಕುವುದಿಲ್ಲ. ಹಳೆಯ, ಹೊಸ ಆವೃತ್ತಿಗಳ ಸಂಖ್ಯೆಗಳು ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ, ಎದುರುಬದುರು ಕಾಲಂಗಳಲ್ಲಿ. ಕಲ್ಲನ್ನು ಮ್ಯೂಸಿಯಮ್ಮಿಗೆ ಒಯ್ದರೆ ಆ ತಾರೀಖು ಬರೆಯುತ್ತೇನೆ. ಹೊದಿಕೆ ಮಾತ್ರ ಊರಿನಲ್ಲೇ ಇರುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ಹೊದಿಕೆಯ ಮೇಲೆ ಬರೆದದ್ದನ್ನು ಒಳಗಿನ ಪ್ರತಿ ಹಾಳೆಯ ಹಿಂದೆಯೂ ಬರೆಯುವುದು. ತೀರಿಕೊಂಡ ಹಿರಿಯ ಶಾಸನಾಸಕ್ತರೊಬ್ಬರ ಮನೆಯವರು ಒಂದು ಕಟ್ಟು ಕೊಟ್ಟಿದ್ದರು. ಒಳಗೆ ಅಚ್ಚುಕಟ್ಟಾದ ಕೈಪಾಠ, ಹನ್ನೊಂದು ಸಾಲು, ಒಂದು ಗದ್ಯಾಣದ ದತ್ತಿ, ಬಸದಿಗೆ. ಮೂಲೆಯಲ್ಲಿ ‘ಬಸದಿ ಹಿಂದಿನ ಕಲ್ಲು’ ಅಂತಷ್ಟೇ ಇದೆ. ಯಾವ ಬಸದಿ? ಅವರಿಗೆ ಅದು ಹೇಳಬೇಕಾದ ವಿಷಯವೇ ಆಗಿರಲಿಲ್ಲ, ದಿನಾ ನೋಡುವ ಬಸದಿ. ನನಗೆ ಇವತ್ತಿಗೂ ಆ ಕಲ್ಲು ಸಿಕ್ಕಿಲ್ಲ. ಅದು ಯಾರ ಮನೆಯ ಮೆಟ್ಟಿಲಾಗಿದ್ದರೂ ಆಗಿರಬಹುದು, ಆಗ ಈ ಹಾಳೆಯೊಂದೇ ಸಾಕ್ಷಿ, ಊರಿಲ್ಲದ ಸಾಕ್ಷಿ. ಅದಕ್ಕೆ ಬೇರೆ ಹೊದಿಕೆ ಮಾಡಿ ‘ಊರು ತಿಳಿಯದು’ ಅಂತ ಬರೆದಿಟ್ಟಿದ್ದೇನೆ. ಅದರಲ್ಲೀಗ ನಾಲ್ಕು ಹಾಳೆಗಳಿವೆ.

ಉಳಿದದ್ದು ಸಣ್ಣಪುಟ್ಟ ಕೆಲಸ. ಬರೆಯುವುದು ಪೆನ್ಸಿಲಿನಲ್ಲಿ, ಶಾಯಿ ನೆನೆದರೆ ಹರಡುತ್ತದೆ. ಗುಂಡುಸೂಜಿ, ಸ್ಟೇಪ್ಲರ್ ಪಿನ್ನು ತುಕ್ಕು ಹಿಡಿಯುತ್ತವೆ, ರಬ್ಬರ್ ಬ್ಯಾಂಡು ಕರಗಿ ಅಂಟುತ್ತದೆ, ಹತ್ತಿಯ ದಾರವೇ ವಾಸಿ. ಲ್ಯಾಮಿನೇಷನ್ ಬೇಡವೇ ಬೇಡ. ದೊಡ್ಡ ಪಡಿಯಚ್ಚುಗಳನ್ನು ಮಡಚದೆ ಸುರುಳಿ ಸುತ್ತಿ, ಒಗೆದ ಹಳೆಯ ಪಂಚೆಯ ಬಟ್ಟೆಯಲ್ಲಿ ಕಟ್ಟಿ, ದಾರಕ್ಕೊಂದು ಚೀಟಿ. ಮಳೆಗಾಲ ಮುಗಿದ ಮೇಲೆ ಒಂದು ಭಾನುವಾರ ಎಲ್ಲವನ್ನೂ ಬಿಚ್ಚಿ ನೆರಳಿನಲ್ಲಿ ಗಾಳಿಗೆ ಹರಡುತ್ತೇನೆ, ನೋಟ್‌ಬುಕ್ ಹಿಡಿದು ಒಂದೊಂದೇ ಟಿಕ್ ಹಾಕುತ್ತಾ.