ಅಪರಿಚಿತನ ಬಾಗಿಲಿಗೆ ವರ್ತಕನ ಓಲೆ

ಬೇರಿಂಗ್ ಕಾಗದ ಎಂಬ ಮಾತು ಇಂದಿನ ತರುಣರ ಕಿವಿಗೆ ಬೀಳುವುದು ಅಪರೂಪ. ಚೀಟಿಯನ್ನು ಹಚ್ಚದೆ, ಅಥವಾ ಸಾಲದಷ್ಟು ಹಚ್ಚಿ, ಅಂಚೆಪೆಟ್ಟಿಗೆಗೆ ಹಾಕಿದ ಕಾಗದವು ವಿಳಾಸದಾರನ ಮನೆಯನ್ನು ಮುಟ್ಟಿದಾಗ, ಕೊರತೆಯಾದುದರ ಇಮ್ಮಡಿಯನ್ನು ಆತನೇ ತೆತ್ತು ಬಿಡಿಸಿಕೊಳ್ಳಬೇಕಾಗಿದ್ದಿತು; ಒಲ್ಲೆನೆಂದರೆ ಅಂಚೆಯವನು ಅದನ್ನು ಹಿಂದಕ್ಕೆ ಒಯ್ಯುತ್ತಿದ್ದನು. ಬರೆದವನು ಬಂಧುವಾದರೆ ಆ ಕಾಸಿಗೆ ಒಂದು ಅರ್ಥವಿದ್ದಿತು. ಕಂಡರಿಯದ ವ್ಯಾಪಾರಿಯೊಬ್ಬನು ತನ್ನ ಸರಕಿನ ವರ್ಣನೆಯನ್ನು ಹೀಗೆ ಕಳುಹಿಸಿದ್ದರೆ ಯಾವ ಗೃಹಸ್ಥನು ಅದನ್ನು ಬಿಡಿಸಿಕೊಂಡಾನು? ಇಂದು ಬೆಂಗಳೂರಿನ ಒಂದು ಸಣ್ಣ ತಂತ್ರಾಂಶ ಸಂಸ್ಥೆಯು, ಸಾಗರದಾಚೆಯ ಸಾವಿರ ಮಂದಿ ಉದ್ಯಮಿಗಳಿಗೆ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಸಂಬೋಧಿಸುವ ಇ-ಮೇಲುಗಳನ್ನು ಯಂತ್ರದ ಕೈಯಿಂದಲೇ ಬರೆಯಿಸಿ, ಯಂತ್ರದ ಕೈಯಿಂದಲೇ ಕಳುಹಿಸುತ್ತಿರುವಾಗ, ಓಲೆಯ ಭಾರವನ್ನು ಹೊರತಕ್ಕವನು ಬರೆದವನೋ ಓದುವವನೋ ಎಂಬ ಆ ಹಳೆಯ ಪ್ರಶ್ನೆಯೇ ಮರಳಿ ಬಂದು ನಿಲ್ಲುತ್ತದೆ. ಈ ಉದ್ಯಮದ ಪೂರ್ವಚರಿತ್ರೆಯನ್ನು ಓದಿದಷ್ಟೂ, ಅದರ ಏಳುಬೀಳುಗಳೆಲ್ಲ ಈ ಪ್ರಶ್ನೆಯ ಸುತ್ತಲೇ ತಿರುಗುತ್ತಿರುವಂತೆ ನನಗೆ ತೋರಿದೆ.

ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಜೋಸಯ ವೆಜ್‌ವುಡ್ ಎಂಬ ಕುಂಬಾರನಿದ್ದನು. ಕುಂಬಾರನೆಂದರೆ ಅಲ್ಪನಲ್ಲ, ಸ್ಟಾಫರ್ಡ್‌ಷೈರ್ ಸೀಮೆಯ ಕುಂಬಾರರ ಮನೆತನದಲ್ಲಿ 1730ರಲ್ಲಿ ಹುಟ್ಟಿ, ಆವಿಗೆಯ ಉಷ್ಣವನ್ನೂ ಮಣ್ಣಿನ ಗುಣವನ್ನೂ ವಿಜ್ಞಾನಿಯ ಶ್ರದ್ಧೆಯಿಂದ ಪರೀಕ್ಷಿಸಿ, ಕೆನೆಬಣ್ಣದ ಪಾತ್ರೆಗಳನ್ನು ರಾಣಿ ಷಾರ್ಲಟಳ ಮೇಜಿನವರೆಗೆ ಮುಟ್ಟಿಸಿ, ಅವುಗಳಿಗೆ ರಾಣಿಯ ಪಾತ್ರೆಗಳೆಂಬ ಹೆಸರನ್ನೇ ಪಡೆದುಕೊಂಡ ಪುರುಷನು. ದೊಡ್ಡ ಮನೆಗಳಲ್ಲಿ ಒಂದು ವಸ್ತುವು ಒಮ್ಮೆ ಬಳಕೆಗೆ ಬಂದಿತೆಂದರೆ ಉಳಿದ ಮನೆಗಳು ತಾವಾಗಿಯೇ ಹಿಂಬಾಲಿಸುವುವೆಂಬ ಲೋಕರಹಸ್ಯವನ್ನು ಬಲ್ಲ ಈತನು, 1771ರಲ್ಲಿ, ಜರ್ಮನಿಯ ಚಿಕ್ಕ ದೊಡ್ಡ ಅರಸುಮನೆತನಗಳಿಗೆ, ಅವರು ಕೇಳದೆ ಇರುವಾಗಲೇ, ತನ್ನ ಪಾತ್ರೆಗಳ ಪೊಟ್ಟಣಗಳನ್ನು ಕಳುಹಿಸುವ ಸಾಹಸಕ್ಕೆ ಕೈಹಾಕಿದನು. ಒಂದೊಂದರಲ್ಲಿ ಸುಮಾರು 20 ಪೌಂಡು ಬೆಲೆಯ ಸರಕು. ಜೊತೆಗೆ ಎಲ್ಲರಿಗೂ ಒಂದೇ ಒಕ್ಕಣೆಯ ಒಂದು ವಿಜ್ಞಾಪನಪತ್ರ, ಮತ್ತು ಒಂದು ಬಿಲ್ಲು. ಇಂತಹ ಸಾವಿರ ಪೊಟ್ಟಣಗಳ ಲೆಕ್ಕವನ್ನು ಇತಿಹಾಸಕಾರರು ಕೊಡುತ್ತಾರೆ. ಎಂದರೆ 20,000 ಪೌಂಡುಗಳ ಬಂಡವಾಳವನ್ನು ಅಪರಿಚಿತರ ಸೌಜನ್ಯವನ್ನೇ ನಂಬಿ ಕಡಲಾಚೆಗೆ ಬಿಟ್ಟಂತಾಯಿತು. ಎಲ್ಲರೂ ಅಲ್ಲದಿದ್ದರೂ ಬಹುಮಂದಿ ಕ್ರಯವನ್ನು ಸಲ್ಲಿಸಿದರೆಂದು ತಿಳಿದುಬರುತ್ತದೆ.

ಈ ಪ್ರಸಂಗವನ್ನು ವ್ಯಾಪಾರಶಾಸ್ತ್ರದವರು ಒಂದು ಚಮತ್ಕಾರವೆಂದು ಹೊಗಳುವುದುಂಟು. ಬಲವಂತದ ಮಾರಾಟವೆಂದು ಹಳಿಯುವುದೂ ಉಂಟು. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಬೇರೊಂದು ಅಂಶ. ಕೇಳದವನ ಬಾಗಿಲನ್ನು ವೆಜ್‌ವುಡ್ ತಟ್ಟಿದನೆಂಬುದು ನಿಜ. ಆದರೆ ಬರಿಗೈಯಲ್ಲಿ ತಟ್ಟಲಿಲ್ಲ. ಓದುವವನ ಒಂದು ಗಳಿಗೆಯನ್ನು ಬೇಡುವುದಕ್ಕೆ ಮುನ್ನ ತನ್ನ ಆವಿಗೆಯ ಅತ್ಯುತ್ತಮವಾದುದನ್ನು ಅವನ ಮುಂದೆ ಇಟ್ಟು, ನಷ್ಟದ ಭಯವನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಂಡನು. ಯಾರಿಗೆ ಕಳುಹಿಸಬೇಕೆಂಬುದನ್ನು ಆತನು ಹತ್ತು ಸಲ ಯೋಚಿಸಿರಲೇಬೇಕು. ಏಕೆಂದರೆ ಪಟ್ಟಿಯಲ್ಲಿನ ಒಂದೊಂದು ತಪ್ಪು ಹೆಸರಿಗೂ ಇಪ್ಪತ್ತು ಪೌಂಡಿನ ದಂಡವಿದ್ದಿತು.

ಇದು ನಡೆದ ಕಾಲದಲ್ಲಿ ಬ್ರಿಟನ್ನಿನ ಸಾಮಾನ್ಯ ಕಾಗದಗಳ ಅಂಚೆವೆಚ್ಚವನ್ನು ಪಡೆದವನೇ ಕೊಡುವುದು ರೂಢಿಯಾಗಿದ್ದಿತು. ರೋಲೆಂಡ್ ಹಿಲ್ಲನ ಸುಧಾರಣೆಯು 1840ರಲ್ಲಿ ಈ ಕ್ರಮವನ್ನು ತಲೆಕೆಳಗು ಮಾಡಿ, ದೂರವೆಷ್ಟಾದರೂ ಒಂದೇ ಪೆನ್ನಿಯೆಂದೂ, ಅದನ್ನು ಕಳುಹಿಸುವವನು ಮುಂಗಡವಾಗಿ ತೆರತಕ್ಕದ್ದೆಂದೂ ಗೊತ್ತುಮಾಡಿತು. ವರ್ತಕರ ಪಾಲಿಗೆ ಇದು ಹೊಸ ಯುಗವೇ ಸರಿ. ನಮ್ಮ ದೇಶದಲ್ಲಿ 1854ರಲ್ಲಿ ಕಾಲು ತೊಲದ ಕಾಗದಕ್ಕೆ ಅರ್ಧಾಣೆಯ ಏಕರೂಪದ ದರವು ಬಂದಿತು, 1877ರಲ್ಲಿ, ಪೊಟ್ಟಣವು ಮನೆಗೆ ಬಂದಾಗ ಅಂಚೆಯವನಿಗೆ ಬೆಲೆಯನ್ನು ತೆತ್ತು ಬಿಡಿಸಿಕೊಳ್ಳುವ ವಿ.ಪಿ.ಪಿ. ಬಂದಿತು, 1879ರಲ್ಲಿ ಕಾಲಾಣೆಯ ಕಾರ್ಡು ಬಂದಿತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಏರ್ಪಡಿಸಿದರೆಂದು ಪ್ರತೀತಿಯಿರುವ ಮೈಸೂರಿನ ಸ್ವಂತ ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯೊಡನೆ ಕೂಡಿಹೋಯಿತಾದರೂ, ಅದರ ಹೆಸರು ಮಾತ್ರ ಕನ್ನಡಿಗರ ಬಾಯಲ್ಲಿ ಉಳಿದು, ಇಂದಿನ ಮಿಂಚಂಚೆಯ ಬಾಲದಲ್ಲಿಯೂ ಅಂಟಿಕೊಂಡಿದೆ. ಊರಿನಾಚೆಯ ಗಿರಾಕಿಯನ್ನು ಕಾಣದೆಯೇ ಪುಸ್ತಕ, ಗಡಿಯಾರ, ಔಷಧಗಳನ್ನು ಮಾರುವುದು ವಿ.ಪಿ.ಪಿ.ಯಿಂದ ಸಾಧ್ಯವಾಯಿತು. ವಸ್ತುವನ್ನು ಬಿಡಿಸಿಕೊಳ್ಳದೆ ಹಿಂತಿರುಗಿಸಿದರೆ ಹೋಗಿಬಂದ ವೆಚ್ಚವು ಮಾರುವವನಿಗೇ ತಟ್ಟುತ್ತಿದ್ದುದರಿಂದ, ಸುಳ್ಳು ವಿಳಾಸಕ್ಕೂ ಒಲ್ಲದ ಗಿರಾಕಿಗೂ ಆತನು ಹೆದರುತ್ತಿದ್ದನು. ಆ ಹೆದರಿಕೆ ಒಳ್ಳೆಯ ಹೆದರಿಕೆಯಾಗಿತ್ತು.

ತಂತಿಯೂ ವರ್ತಕರ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. 1864ರ ಮೇ ತಿಂಗಳ ಒಂದು ಸಂಜೆ ಲಂಡನ್ನಿನ ಕೆಲವು ಗಣ್ಯರ ಮನೆಗೆ ತಂತಿಯವನು ಓಡಿಬಂದನು. ಯಾರ ಮರಣವೋ ಯಾವ ರಾಜಕಾರ್ಯವೋ ಎಂದು ಕಳವಳಗೊಂಡು ಲಕೋಟೆಯನ್ನು ಒಡೆದವರಿಗೆ ಕಂಡದ್ದು, ದಂತವೈದ್ಯರ ಚಿಕಿತ್ಸಾಲಯವು ಎಷ್ಟರಿಂದ ಎಷ್ಟು ಗಂಟೆಯವರೆಗೆ ತೆರೆದಿರುವುದೆಂಬ ಪ್ರಕಟಣೆ. ಅವರಲ್ಲೊಬ್ಬರು ಟೈಮ್ಸ್ ಪತ್ರಿಕೆಗೆ ಬರೆದು ಕೋಪವನ್ನು ತೋಡಿಕೊಂಡರು. ತಂತಿಯ ವೆಚ್ಚವನ್ನು ದಂತವೈದ್ಯರೇ ಕೊಟ್ಟಿದ್ದರೆಂಬುದು ದಿಟವಾದರೂ, ಗಾಬರಿಯ ವೆಚ್ಚವನ್ನು ಕೊಟ್ಟವರು ಮನೆಯವರು. ಹಣದಲ್ಲಿ ಎಣಿಸಲಾಗದ ಈ ಎರಡನೆಯ ವೆಚ್ಚವು ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಿಸಿಕೊಂಡದ್ದು ಬಹುಶಃ ಅಂದೇ.

ಆಮೇಲಿನ ನೂರು ವರ್ಷಗಳ ಯಂತ್ರಗಳೆಲ್ಲ ಬರೆಯುವವನ ಕೈನೋವನ್ನು ಕಡಮೆ ಮಾಡಿದುವು. ಸೈಕ್ಲೋಸ್ಟೈಲು ಒಂದೇ ಒಕ್ಕಣೆಯನ್ನು ನೂರಾರು ಪ್ರತಿ ತೆಗೆಯಿತು. ಅಡ್ರೆಸೋಗ್ರಾಫು ಎಂಬ ಅಮೆರಿಕದ ಯಂತ್ರವು ತಗಡಿನ ಪಟ್ಟಿಗಳಲ್ಲಿ ಕೂಡಿಟ್ಟ ವಿಳಾಸಗಳನ್ನು ಲಕೋಟೆಗಳ ಮೇಲೆ ಒತ್ತಿತು. ಇವೆಲ್ಲಕ್ಕಿಂತ ವಿಚಿತ್ರವಾದುದು, ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಕಚೇರಿಗಳಲ್ಲಿ ಬಳಕೆಗೆ ಬಂದ, ತಾನೇ ಬೆರಳಚ್ಚು ಮಾಡುವ ಯಂತ್ರ. ತಾನಾಗಿ ನುಡಿಯುವ ಪಿಯಾನೋ ವಾದ್ಯದಲ್ಲಿರುವಂತೆ ರಂಧ್ರ ಕೊರೆದ ಕಾಗದದ ಸುರುಳಿಯೊಂದು ಅದರಲ್ಲಿ ಸುತ್ತುತ್ತಿರಲು, ಗಾಳಿಯ ಒತ್ತಡದಿಂದ ಕೀಲಿಗಳು ತಾವಾಗಿಯೇ ಬಡಿದು ಕಾಗದವನ್ನು ಬರೆಯುತ್ತಿದ್ದುವು. ಹೆಸರು ಬರಬೇಕಾದ ಸ್ಥಳದಲ್ಲಿ ಯಂತ್ರವು ನಿಲ್ಲುತ್ತಿದ್ದಿತು. ಬೆರಳಚ್ಚುಗಾರ್ತಿಯು ಹೆಸರನ್ನು ಕೈಯಿಂದ ತುಂಬಿ ಮುಂದಕ್ಕೆ ಬಿಡುತ್ತಿದ್ದಳು. ಪಡೆದವನಿಗೆ ಅದು ತನಗೊಬ್ಬನಿಗಾಗಿಯೇ ಕುಳಿತು ಬರೆದ ಪತ್ರದಂತೆ ತೋರುತ್ತಿದ್ದಿತು. ಇಂದಿನ ತಂತ್ರಾಂಶಗಳಲ್ಲಿ ಹೆಸರಿಗಾಗಿ ಬಿಟ್ಟಿರುವ ಖಾಲಿ ಜಾಗದ ಮೂಲವು ಈ ನಿಲುಗಡೆಯಲ್ಲಿದೆ. ಶ್ರಮವನ್ನು ಉಳಿಸುವ ಯಂತ್ರಗಳ ನಡುವೆ, ಪಡದ ಶ್ರಮವನ್ನು ಪಟ್ಟಂತೆ ತೋರಿಸುವ ಯಂತ್ರವು ಇಲ್ಲಿ ಮೊದಲು ಹುಟ್ಟಿತು. ಇದನ್ನು ಬರೆಯುವಾಗ ನನಗೆ ಸಣ್ಣ ವ್ಯಥೆಯಾಗುತ್ತದೆ.

ಇ-ಮೇಲಿನ ಕಥೆಗೆ ಈಗ ಬರೋಣ. ಅಮೆರಿಕದ ರಕ್ಷಣಾ ಇಲಾಖೆಯ ಹಣದಿಂದ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ಬೆಸೆದಿದ್ದ ಅರ್ಪಾನೆಟ್ ಎಂಬ ಜಾಲದಲ್ಲಿ, 1971ರಲ್ಲಿ ರೇ ಟಾಮ್‌ಲಿನ್‌ಸನ್ ಎಂಬ ಇಂಜಿನಿಯರು ಒಂದು ಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವ ಮಾರ್ಗವನ್ನು ಕಂಡುಹಿಡಿದಿದ್ದನು. ಏಳು ವರ್ಷ ಕಳೆದು, 1978ರ ಮೇ ತಿಂಗಳ ಆದಿಯಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಸಂಸ್ಥೆಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಎಂಬಾತನಿಗೆ ಒಂದು ಚಿಂತೆ ಹತ್ತಿತು. ಅವನ ಸಂಸ್ಥೆ ಇದ್ದುದು ಪೂರ್ವ ಕರಾವಳಿಯ ಮಸಾಚುಸೆಟ್ಸಿನಲ್ಲಿ. ಪಶ್ಚಿಮದ ಕ್ಯಾಲಿಫೋರ್ನಿಯದವರಿಗೆ ಅದರ ಹೊಸ ಗಣಕಯಂತ್ರಗಳ ಪರಿಚಯವು ಸಾಲದು. ಲಾಸ್ ಏಂಜಲೀಸಿನಲ್ಲಿಯೂ ಸ್ಯಾನ್ ಮಟಿಯೋದಲ್ಲಿಯೂ ಏರ್ಪಟ್ಟ ಪ್ರದರ್ಶನಗಳಿಗೆ ಅವರನ್ನು ಕರೆಯಬೇಕು. ಒಬ್ಬೊಬ್ಬರಿಗೂ ದೂರವಾಣಿ ಮಾಡುತ್ತ ಕುಳಿತರೆ ದಿನಗಳು ಮುಗಿದುಹೋಗುವುವು. ಜಾಲದ ಸದಸ್ಯರ ಅಚ್ಚಾದ ವಿಳಾಸಪುಸ್ತಕವನ್ನು ತೆರೆದು, ಪಶ್ಚಿಮದವರ ಸುಮಾರು 400 ವಿಳಾಸಗಳನ್ನು ಆಯ್ದು, ಸಹೋದ್ಯೋಗಿಯೊಬ್ಬನಿಂದ ಅವನ್ನೆಲ್ಲ ಕೈಯಾರೆ ಬೆರಳಚ್ಚು ಮಾಡಿಸಿ, ಒಂದೇ ಪತ್ರವನ್ನು ಎಲ್ಲರಿಗೂ ಒಮ್ಮೆಗೇ ಬಿಟ್ಟನು. ವಿಳಾಸಗಳಿಗೆಂದು ಇದ್ದ ಜಾಗವು ಅಷ್ಟನ್ನು ಹಿಡಿಯಲಾರದೆ ಹೋಯಿತು. ಉಳಿದವು ಪತ್ರದ ಒಡಲಿಗೇ ಚೆಲ್ಲಿಕೊಂಡು, ಓದುವವರು ವಿಷಯವನ್ನು ಕಾಣುವ ಮೊದಲು ವಿಳಾಸಗಳ ಒಂದು ಕಾಡನ್ನೇ ದಾಟಬೇಕಾಯಿತು.

ದೂರುಗಳು ಒಡನೆಯೇ ಬಂದುವು. ಸರ್ಕಾರದ ಕೆಲಸಕ್ಕೆಂದು ನಿರ್ಮಿಸಿದ ಜಾಲವನ್ನು ವ್ಯಾಪಾರಕ್ಕೆ ಬಳಸಿದ್ದು ನಿಯಮಭಂಗವೆಂದು ಅದನ್ನು ನೋಡಿಕೊಳ್ಳುತ್ತಿದ್ದ ಸೇನಾಧಿಕಾರಿಯು ಖಂಡಿಸಿದನು. ಆದರೆ ಪ್ರದರ್ಶನಕ್ಕೆ ಜನ ಬಂದರು. ಅದರ ಫಲವಾಗಿ ಒಂದು ಕೋಟಿ ಡಾಲರಿಗೂ ಮೇಲ್ಪಟ್ಟ ಮಾರಾಟವಾಯಿತೆಂದು ಥರ್ಕ್ ತಾನೇ ಮುಂದೆ ಹೇಳಿಕೊಂಡನು. ಈ ಎರಡು ಫಲಗಳೂ ಒಂದೇ ಗಿಡದಲ್ಲಿ ಬಿಟ್ಟುವೆಂಬುದನ್ನು ಮರೆಯದೆ ನೋಡಬೇಕು. ಹೊಸ ಯಂತ್ರವೊಂದು ತನ್ನ ಬಳಿ ಇದೆ, ಅದು ಬೇಕಾದವರು ಅಲ್ಲೆಲ್ಲೋ ಇದ್ದಾರೆ ಎಂಬ ವರ್ತಕನ ತಳಮಳವು ಅಪ್ರಾಮಾಣಿಕವಲ್ಲ. ಅಪರಿಚಿತನ ಬಾಗಿಲನ್ನು ತಟ್ಟುವುದೇ ಪಾಪವೆಂದು ನಾನು ಎಣಿಸುವವನಲ್ಲ. ಆದರೆ ನಾಲ್ಕುನೂರು ವಿಳಾಸಗಳನ್ನು ಬೆರಳಿನಿಂದ ಒತ್ತಿದ ಆ ಶ್ರಮವೇ ಈ ಕಥೆಯಲ್ಲಿ ಕಳುಹಿಸುವವನು ತೆತ್ತ ಕಡೆಯ ಬೆಲೆಯೆಂಬುದು ಅಂದು ಯಾರಿಗೂ ಹೊಳೆಯಲಿಲ್ಲ.

1982ರಲ್ಲಿ ಜಾನ್ ಪೋಸ್ಟೆಲ್ ಬರೆದಿಟ್ಟ ಇ-ಮೇಲ್ ಸಾಗಣೆಯ ನಿಯಮಾವಳಿಯು, ಒಬ್ಬರನ್ನೊಬ್ಬರು ಬಲ್ಲ ವಿದ್ವಾಂಸರ ಕೇರಿಗೆ ತಕ್ಕಂತೆ, ನಂಬಿಕೆಯ ಮೇಲೆ ನಿಂತಿತ್ತು. ಕಳುಹಿಸಿದವನು ಹೇಳಿಕೊಂಡ ಹೆಸರು ಅವನದೇ ಹೌದೋ ಅಲ್ಲವೋ ಎಂದು ಅದು ಕೇಳುತ್ತಿರಲಿಲ್ಲ. ಹತ್ತು ಪತ್ರಕ್ಕೂ ಹತ್ತು ಸಾವಿರ ಪತ್ರಕ್ಕೂ ವೆಚ್ಚದಲ್ಲಿ ಹೇಳಿಕೊಳ್ಳುವ ಭೇದವಿರಲಿಲ್ಲ. ಕೇರಿಯು ಲೋಕವಾದಾಗ ಏನಾಯಿತೆಂಬುದನ್ನು ವಿವರಿಸಬೇಕಾದುದಿಲ್ಲ. 1992ರಲ್ಲಿಯೇ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನಾವೊರ್ ಎಂಬ ಇಬ್ಬರು ಗಣಕವಿಜ್ಞಾನಿಗಳು ಒಂದು ಸುಂದರವಾದ ಉಪಾಯವನ್ನು ಮುಂದಿಟ್ಟರು: ಪ್ರತಿಯೊಂದು ಪತ್ರಕ್ಕೂ ಕಳುಹಿಸುವವನ ಯಂತ್ರವು ಒಂದು ಮಧ್ಯಮ ಕ್ಲೇಶದ ಲೆಕ್ಕವನ್ನು ಬಿಡಿಸಿ ಉತ್ತರವನ್ನು ಲಗತ್ತಿಸತಕ್ಕದ್ದು, ಒಂದು ಪತ್ರದವನಿಗೆ ಅದು ಹೊರೆಯಲ್ಲ, ಲಕ್ಷ ಪತ್ರದವನಿಗೆ ಅದು ಬೆಟ್ಟ. ರೋಲೆಂಡ್ ಹಿಲ್ಲನ ಪೆನ್ನಿಯು ಗಣಿತದ ರೂಪವನ್ನು ತಾಳಿ ಬಂದಂತಿದ್ದ ಈ ಆಲೋಚನೆಯನ್ನು, 1997ರಲ್ಲಿ ಆಡಮ್ ಬ್ಯಾಕ್ ಎಂಬಾತನು ಹ್ಯಾಷ್‌ಕ್ಯಾಷ್ ಎಂಬ ಹೆಸರಿನಿಂದ ತಾನೂ ರೂಪಿಸಿದನು. ಅಂಚೆಯಲ್ಲಿ ಅದು ಬೇರೂರಲಿಲ್ಲ. ಮುಂದೆ ಬಿಟ್‌ಕಾಯಿನಿನ ಗಣಿಗಾರಿಕೆಯಲ್ಲಿ ಆಸರೆ ಪಡೆಯಿತು.

ನಮ್ಮ ಊರಿನ ಸಂಬಂಧವು ಇಲ್ಲಿಂದ ಮುಂದಿನದು. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು, ಉಪಗ್ರಹದ ತಟ್ಟೆಯನ್ನು ನಿಲ್ಲಿಸಿ, ಇಲ್ಲಿ ಮಾಡಿದ ಕೆಲಸವನ್ನು ಆಕಾಶಮಾರ್ಗವಾಗಿ ಹೊರದೇಶಕ್ಕೆ ಮುಟ್ಟಿಸಬಹುದೆಂದು ತೋರಿಸಿತು. 1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಅಂತರ್ಜಾಲವನ್ನು ಸಾರ್ವಜನಿಕರಿಗೆ ತೆರೆಯಿತು. ಅಷ್ಟು ಹೊತ್ತಿಗೆ ಮಲ್ಲೇಶ್ವರ ಜಯನಗರಗಳ ಗಣಕ ತರಗತಿಗಳಲ್ಲಿ ವರ್ಡ್‌ಸ್ಟಾರ್ ಕಲಿತ ಹುಡುಗ ಹುಡುಗಿಯರು, ಅದರ ಜೊತೆಗಾರನಾದ ಮೇಲ್‌ಮರ್ಜಿನ ಮೂಲಕ, ಒಂದು ಕಡತದಲ್ಲಿ ಹೆಸರುಗಳನ್ನೂ ಇನ್ನೊಂದರಲ್ಲಿ ಒಕ್ಕಣೆಯನ್ನೂ ಇಟ್ಟು ಎರಡನ್ನೂ ಬೆಸೆಯುವ ವಿದ್ಯೆಯನ್ನು ಬಲ್ಲವರಾಗಿದ್ದರು. ನೆಂಟರಿಲ್ಲದ, ವಿಮಾನದ ವೆಚ್ಚಕ್ಕೆ ಗತಿಯಿಲ್ಲದ ಸಣ್ಣ ಸಂಸ್ಥೆಗೆ ದೂರದ ಗಿರಾಕಿಯ ಬಾಗಿಲವರೆಗೆ ನಡೆದುಹೋಗುವ ಕಾಲುದಾರಿಯೆಂದರೆ ಆ ಪತ್ರವೇ ಆಗಿತ್ತು. ಆದುದರಿಂದಲೇ ಆ ದಾರಿ ಕೆಟ್ಟುಹೋಗುವುದನ್ನು ಕಂಡಾಗ ನನಗೆ ನೋವಾಗುವುದು.

ಕೆಟ್ಟುದನ್ನು ಸರಿಪಡಿಸುವ ಯತ್ನಗಳು ಹಲವು. ಅಮೆರಿಕವು 2003ರಲ್ಲಿ ಮಾಡಿದ ಕಾನೂನು ಕೇಳದ ಪತ್ರವನ್ನು ನಿಷೇಧಿಸಲಿಲ್ಲ. ಕಳುಹಿಸಿದವನ ನಿಜವಾದ ಹೆಸರೂ ಅಂಚೆಯ ವಿಳಾಸವೂ ಇರಬೇಕು, ಬೇಡವೆಂದವನನ್ನು ಹತ್ತು ಕೆಲಸದ ದಿನಗಳೊಳಗೆ ಪಟ್ಟಿಯಿಂದ ಬಿಡಬೇಕು ಎಂದು ವಿಧಿಸಿತು. ಯುರೋಪು 2002ರಲ್ಲಿಯೇ, ವ್ಯಕ್ತಿಗಳಿಗೆ ಬರೆಯುವ ಮುನ್ನ ಅವರ ಸಮ್ಮತಿಯನ್ನು ಪಡೆಯಬೇಕೆಂಬ ಕಟ್ಟುನಿಟ್ಟನ್ನು ಆರಿಸಿಕೊಂಡಿತು. ಕಾನೂನಿಗಿಂತ ಹೆಚ್ಚಿನ ಕೆಲಸವನ್ನು ಮಾಡಿದುದು ಅಂಚೆಯನ್ನು ಪಡೆಯುವ ಸಂಸ್ಥೆಗಳ ಎಚ್ಚರ. ಈ ಹೆಸರಿನಲ್ಲಿ ಪತ್ರ ಕಳುಹಿಸುವ ಅಧಿಕಾರವು ಇಂತಿಂತಹ ಯಂತ್ರಗಳಿಗೆ ಮಾತ್ರ ಉಂಟೆಂದು ಮೊದಲೇ ಸಾರುವ ಎಸ್‌ಪಿಎಫ್, ಪತ್ರಕ್ಕೆ ರಾಜಮುದ್ರೆಯಂತಹ ಗುಪ್ತ ಸಹಿಯನ್ನು ಒತ್ತುವ ಡಿಕೆಐಎಂ ಮೊದಲಾದ ಏರ್ಪಾಡುಗಳು ಒಂದರ ಮೇಲೊಂದು ಬಂದುವು; 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಂಸ್ಥೆಗಳು ಇವುಗಳನ್ನು ದೊಡ್ಡ ಪ್ರಮಾಣದಲ್ಲಿ ಕಳುಹಿಸುವವರಿಗೆ ಕಡ್ಡಾಯ ಮಾಡಿದುವು. ದಿನಕ್ಕೆ 5,000ಕ್ಕೆ ಮೇಲ್ಪಟ್ಟು ಜಿಮೇಲಿಗೆ ಕಳುಹಿಸುವವನ ಪತ್ರಗಳಲ್ಲಿ, ಸಾವಿರಕ್ಕೆ ಮೂರನ್ನು ಓದುಗರು ಉಪದ್ರವವೆಂದು ಗುರುತಿಸಿದರೆ ಸಾಕು, ಅವನ ಹೆಸರು ಕೆಡುತ್ತದೆ.

ಹೀಗೆ ಹೆಸರೇ ಹೊಸ ಅಂಚೆಚೀಟಿಯಾಗಿದೆ. ಅದು ಕೊಳ್ಳಲು ಸಿಗುವುದಿಲ್ಲ, ದುಡಿದು ಗಳಿಸಬೇಕು. ಹೊಸ ವಿಳಾಸವೊಂದನ್ನು ಪಡೆದ ಸಂಸ್ಥೆಯು ಮೊದಲ ದಿನವೇ ಸಾವಿರ ಪತ್ರ ಬಿಟ್ಟರೆ ಅವು ಕಸದ ಪೆಟ್ಟಿಗೆಗೆ ಬೀಳುತ್ತವೆ. ಆದುದರಿಂದ ಕೆಲಸವನ್ನು ಬಲ್ಲವರು ದಿನಕ್ಕೆ ಹತ್ತರಿಂದ ತೊಡಗಿ, ವಾರಗಟ್ಟಲೆ ಸೈರಣೆಯಿಂದ ಸಂಖ್ಯೆಯನ್ನು ಏರಿಸುತ್ತಾರೆ. ಸತ್ತ ವಿಳಾಸಗಳನ್ನು ಪಟ್ಟಿಯಿಂದ ಹೆಕ್ಕಿ ತೆಗೆಯುತ್ತಾರೆ. ಪಡೆಯುವವನ ಉದ್ಯಮವನ್ನು ಓದಿ, ಅವನಿಗೆ ಇದು ಬೇಕೇ ಎಂದು ಕೇಳಿಕೊಂಡು, ಮೊದಲ ಸಾಲನ್ನಾದರೂ ಕೈಯಿಂದ ಬರೆಯುತ್ತಾರೆ. ಬೆಂಗಳೂರಿನಲ್ಲಿ ದೀಪ ಹಚ್ಚಿದ ಮೇಲೆ, ಚಿಕಾಗೋದಲ್ಲಿ ಬೆಳಗಿನ ಒಂಬತ್ತು ಗಂಟೆಯಾಗುವ ವೇಳೆಗೆ, ಆ ಪತ್ರವು ತಾನಾಗಿ ಹೊರಡುತ್ತದೆ. ಉತ್ತರ ಬಾರದಿದ್ದರೆ ಮೂರು ನಾಲ್ಕು ದಿನಗಳ ಅನಂತರ ಎರಡನೆಯದೊಂದು ನೆನಪಿನೋಲೆ ಹೋಗಲೆಂದು ಯಂತ್ರಕ್ಕೆ ಹೇಳಿಟ್ಟಿರುತ್ತದೆ. ಉತ್ತರ ಬಂದಿತೆಂದರೆ, ಬೇಡವೆಂಬ ಒಂದೇ ಮಾತಾದರೂ ಸರಿಯೆ, ಯಂತ್ರವು ಅಲ್ಲಿಗೆ ನಿಲ್ಲುತ್ತದೆ. ಮೇಜಿನ ಮುಂದೆ ಕುಳಿತಿರುವ ಹುಡುಗಿಯು ಆ ಪತ್ರವನ್ನು ತೆರೆದು ಓದಿ, ಮರುಮಾತನ್ನು ತಾನೇ ಬರೆಯತೊಡಗುತ್ತಾಳೆ.