ಬೆಳ್ಳಿ ನಾಣ್ಯದ ದೇವರುಗಳು

ಈ ದೇಶಕ್ಕೆ ಬಂದ ಮೇಲೆ ನಾವು ದಿನಕ್ಕೆ ಹತ್ತು ಸಲವಾದರೂ ‘ಮನಿ’ ಅನ್ನುತ್ತೇವೆ. ಅದು ಒಬ್ಬ ದೇವಿಯ ಹೆಸರಿನಿಂದ ಬಂದದ್ದು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ರೋಮ್ ನಗರದ ಕ್ಯಾಪಿಟೋಲಿನ್ ಗುಡ್ಡದ ಮೇಲೆ ಜೂನೋ ಮೊನೇಟಾ ದೇವಿಯ ಗುಡಿಯಿತ್ತು. ಟಂಕಸಾಲೆ ಇದ್ದದ್ದು ಅದರ ಮಗ್ಗುಲಲ್ಲೇ. ಹಾಗೆ ದೇವಿಯ ಹೆಸರು ದುಡ್ಡಿಗೆ ಅಂಟಿತು. ವರಾಹಮೂರ್ತಿಯ ಮುದ್ರೆ ನೋಡಿ ಹೊನ್ನಿಗೇ ‘ವರಾಹ’ ಅಂತ ಹೆಸರಿಟ್ಟ ನಾಡಿನವರಾದ ನಮಗೆ ಇದು ಹೊಸತೇನಲ್ಲ ಬಿಡಿ. ಕ್ರಿ.ಪೂ. 46ರ ಒಂದು ನಾಣ್ಯದಲ್ಲಂತೂ ಒಂದು ಬದಿಗೆ ಮೊನೇಟಾಳ ಮುಖ, ಇನ್ನೊಂದು ಬದಿಗೆ ನಾಣ್ಯ ಹೊಡೆಯುವ ಅಚ್ಚು, ಇಕ್ಕಳ, ಸುತ್ತಿಗೆ. ಥೇಟ್ ಆಯುಧಪೂಜೆಗೆ ಜೋಡಿಸಿಟ್ಟ ಹಾಗೆ!

ಡಿನೇರಿಯಸ್ ಎಂಬ ಈ ಬೆಳ್ಳಿ ನಾಣ್ಯ ಹುಟ್ಟಿದ್ದು ಕ್ರಿ.ಪೂ. 211ರ ಸುಮಾರಿಗೆ, ಹ್ಯಾನಿಬಾಲನ ಜೊತೆಗಿನ ಯುದ್ಧದ ಕಷ್ಟಕಾಲದಲ್ಲಿ. ತೂಕ ಸುಮಾರು ನಾಲ್ಕೂವರೆ ಗ್ರಾಂ. ಮುಂಬದಿಯಲ್ಲಿ ಶಿರಸ್ತ್ರಾಣ ತೊಟ್ಟ ರೋಮಾ ದೇವಿ. ಹಿಂಬದಿಯಲ್ಲಿ ಕುದುರೆಯೇರಿ ಈಟಿ ಹಿಡಿದು ನುಗ್ಗುವ ಅವಳಿಗಳು ಕ್ಯಾಸ್ಟರ್ ಮತ್ತು ಪೊಲಕ್ಸ್. ನಮ್ಮ ಅಶ್ವಿನೀ ದೇವತೆಗಳು ನೆನಪಾಗದೆ ಇರುವುದಿಲ್ಲ. 150 ವರ್ಷಕ್ಕೂ ಮಿಕ್ಕಿ ರೋಮಿನ ಟಂಕಸಾಲೆ ಬದುಕಿರುವ ಮನುಷ್ಯನ ಮುಖವನ್ನು ಈ ಬೆಳ್ಳಿಯ ಮೇಲೆ ಒತ್ತಲಿಲ್ಲ. ರಾಜರನ್ನು ಓಡಿಸಿ ಕಟ್ಟಿದ ಗಣರಾಜ್ಯವಲ್ಲವೇ? ಆ ಜಾಗ ದೇವರಿಗೂ ಸತ್ತ ಹಿರಿಯರಿಗೂ ಮೀಸಲು.

ಕ್ರಿ.ಪೂ. 44ರ ಮೊದಲ ತಿಂಗಳುಗಳಲ್ಲಿ ಜೂಲಿಯಸ್ ಸೀಸರ್ ಅಲ್ಲಿ ಬಂದು ಕುಳಿತ. ಮುಂದೆ ಅವನ ಮುಖ. ಹಿಂದೆ, ತನ್ನ ವಂಶದ ಮೂಲತಾಯಿಯೆಂದು ಅವನು ಹೇಳಿಕೊಳ್ಳುತ್ತಿದ್ದ ವೀನಸ್. ದೇವಿಯನ್ನು ಅವನು ಓಡಿಸಲಿಲ್ಲ, ಬೆನ್ನಿಗೆ ನಿಲ್ಲಿಸಿಕೊಂಡ. ಮಾರ್ಚ್ 15ರಂದು ಕೊಲೆಯಾದ. ನಾಣ್ಯವೇ ಕಾರಣವೆಂದರೆ ಅತಿಯಾದೀತು. ಉರಿಯುವ ಬೆಂಕಿಗೆ ಅದೂ ಒಂದು ಮಿಳ್ಳೆ ತುಪ್ಪ ಎಂದಷ್ಟೇ ನಮ್ಮ ಎಣಿಕೆ. ತಮಾಷೆ ಇರುವುದು ಮುಂದೆ. ಕೊಂದವರಲ್ಲೊಬ್ಬನಾದ ಬ್ರೂಟಸ್ ಕ್ರಿ.ಪೂ. 42ರ ಹೊತ್ತಿಗೆ ಹೊಡೆಸಿದ ನಾಣ್ಯದ ಹಿಂಬದಿಯಲ್ಲಿ ಎರಡು ಕಠಾರಿ, ನಡುವೆ ಬಿಡುಗಡೆಯ ಗುರುತಿನ ಟೋಪಿ. ಮುಂಬದಿಯಲ್ಲಿ? ಅವನದೇ ಮುಖ!

ಆಮೇಲೆ ಚಕ್ರವರ್ತಿಗಳ ಕಾಲ. ದೇವರುಗಳು ಹಿಂಬದಿಗೆ ಸರಿದರು. ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನ ಡಿನೇರಿಯಸ್ ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲೂ ಸಿಕ್ಕಿದೆ. ಅವನ ನಾಣ್ಯಗಳಲ್ಲಿ ಅತಿ ಹೆಚ್ಚು ಕಾಣುವ ಬಗೆಯಲ್ಲಿ, ಹಿಂಬದಿಗೆ ಕೊಂಬೆ ಹಿಡಿದು ಕುಳಿತ ಹೆಂಗಸೊಬ್ಬಳಿದ್ದಾಳೆ. ಶಾಂತಿದೇವಿ ಪಾಕ್ಸ್ ಅನ್ನುವವರುಂಟು, ಚಕ್ರವರ್ತಿಯ ತಾಯಿ ಲಿವಿಯಾ ಅನ್ನುವವರೂ ಉಂಟು. ದೇವಿಯೋ ಅಮ್ಮನೋ ಹೇಳಲಾಗದ ಹಾಗೆ ಕೆತ್ತಿದ್ದೇ ಜಾಣತನ. ಕಡಲು ದಾಟಿ ಬಂದ ಆ ಬೆಳ್ಳಿಯನ್ನು ಅಂಗೈಯಲ್ಲಿಟ್ಟು ತೂಗಿದ ಚಂದ್ರವಳ್ಳಿಯ ವ್ಯಾಪಾರಿಗೆ ಇಬ್ಬರೂ ಗೊತ್ತಿರಲಾರರು. ಅವನಿಗೆ ಬೇಕಾದದ್ದು ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ನಾಣ್ಯದ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಆಮೇಲಿನ ಡಿನೇರಿಯಸ್‌ಗಳು ದಕ್ಷಿಣ ಭಾರತದ ನಿಧಿಗಳಲ್ಲಿ ಅಪರೂಪ.