ಗಿಫ್ ಪೇಟೆಂಟ್ ವಿವಾದ

ಗಿಫ್ ಪೇಟೆಂಟ್ ವಿವಾದವು ಗಿಫ್ ಎಂಬ ಚಿತ್ರಕಡತ ಮಾದರಿಯಲ್ಲಿ ಅಡಕವಾಗಿದ್ದ ಎಲ್‌ಜೆಡ್‌ಡಬ್ಲ್ಯೂ ಎಂಬ ದತ್ತಾಂಶ ಸಂಕೋಚನ ವಿಧಾನದ ಪೇಟೆಂಟ್ ಹಕ್ಕನ್ನು ಕುರಿತು 1994ರ ಕೊನೆಯಿಂದ ಸುಮಾರು ಹತ್ತು ವರ್ಷಗಳ ಕಾಲ ನಡೆದ ವಿವಾದವಾಗಿದೆ. ಗಿಫ್ ಮಾದರಿಯನ್ನು ರೂಪಿಸಿದ ಕಂಪ್ಯುಸರ್ವ್ ಸಂಸ್ಥೆಯು ಅದನ್ನು ಎಲ್ಲರೂ ಮುಕ್ತವಾಗಿ ಬಳಸಬಹುದೆಂದು ಪ್ರಕಟಿಸಿತ್ತು. ಆದರೆ ಅದರೊಳಗಿನ ಸಂಕೋಚನ ವಿಧಾನದ ಪೇಟೆಂಟ್ ಯುನಿಸಿಸ್ ಎಂಬ ಬೇರೊಂದು ಸಂಸ್ಥೆಯ ಕೈಯಲ್ಲಿತ್ತು. ಗಿಫ್ ಜಗತ್ತಿನೆಲ್ಲೆಡೆ ಹರಡಿದ ಏಳು ವರ್ಷಗಳ ನಂತರ ಈ ಸಂಗತಿ ಸಾರ್ವಜನಿಕವಾಗಿ ಬೆಳಕಿಗೆ ಬಂದಿತು. ಈ ವಿವಾದದ ನೇರ ಫಲವಾಗಿ ಪಿಎನ್‌ಜಿ ಎಂಬ ಹೊಸ ಚಿತ್ರಕಡತ ಮಾದರಿ ಹುಟ್ಟಿಕೊಂಡಿತು. ತಂತ್ರಾಂಶಗಳಿಗೆ ಪೇಟೆಂಟ್ ನೀಡುವುದು ಸರಿಯೇ ಎಂಬ ಚರ್ಚೆಯಲ್ಲಿ ಈ ಪ್ರಕರಣವನ್ನು ಇಂದಿಗೂ ಉದಾಹರಣೆಯಾಗಿ ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ಕಂಪ್ಯುಸರ್ವ್ ಅಮೆರಿಕದ ಆರಂಭಿಕ ಆನ್‌ಲೈನ್ ಸೇವಾ ಸಂಸ್ಥೆಗಳಲ್ಲಿ ಒಂದು. 1980ರ ದಶಕದಲ್ಲಿ ಅದರ ಚಂದಾದಾರರು ದೂರವಾಣಿ ತಂತಿ ಮತ್ತು ಮೋಡೆಮ್ ಮೂಲಕ ಸಂಪರ್ಕ ಪಡೆಯುತ್ತಿದ್ದರು. ಸಂಪರ್ಕದ ವೇಗ ಬಹಳ ಕಡಿಮೆಯಿದ್ದುದರಿಂದ ಒಂದು ಚಿತ್ರವನ್ನು ತರಿಸಿಕೊಳ್ಳಲು ಹಲವು ನಿಮಿಷಗಳು ಹಿಡಿಯುತ್ತಿದ್ದವು. ಅಲ್ಲದೆ ಬೇರೆ ಬೇರೆ ತಯಾರಕರ ಗಣಕಯಂತ್ರಗಳು ಬೇರೆ ಬೇರೆ ಚಿತ್ರ ಮಾದರಿಗಳನ್ನು ಬಳಸುತ್ತಿದ್ದವು. ಈ ಎರಡೂ ತೊಡಕುಗಳನ್ನು ನಿವಾರಿಸಲು ಸ್ಟೀವ್ ವಿಲ್‌ಹೈಟ್ ಅವರ ನೇತೃತ್ವದ ತಂಡವು ಗಿಫ್ ಮಾದರಿಯನ್ನು ರೂಪಿಸಿತು. 1987ರ ಜೂನ್ 15ರಂದು ಅದನ್ನು ಬಿಡುಗಡೆ ಮಾಡಲಾಯಿತು. 1989ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದಿತು.

ಗಿಫ್ ಚಿತ್ರವೊಂದರ ವರ್ಣಪಟ್ಟಿಯಲ್ಲಿ ಗರಿಷ್ಠ 256 ಬಣ್ಣಗಳಿರಬಹುದು. ಚಿತ್ರದ ದತ್ತಾಂಶವನ್ನು ಕಿರಿದುಗೊಳಿಸಲು ವಿಲ್‌ಹೈಟ್ ತಂಡವು ಆಗ ಜನಪ್ರಿಯವಾಗಿದ್ದ ಎಲ್‌ಜೆಡ್‌ಡಬ್ಲ್ಯೂ ವಿಧಾನವನ್ನು ಆರಿಸಿಕೊಂಡಿತು. ಈ ವಿಧಾನಕ್ಕೆ ಪೇಟೆಂಟ್ ಇರುವುದು ಕಂಪ್ಯುಸರ್ವ್‌ಗೆ ಆಗ ತಿಳಿದಿರಲಿಲ್ಲ. 1990ರ ದಶಕದ ಆರಂಭದಲ್ಲಿ ವರ್ಲ್ಡ್ ವೈಡ್ ವೆಬ್ ಬಳಕೆಗೆ ಬಂದಾಗ ಜಾಲಪುಟಗಳಲ್ಲಿ ಚಿತ್ರಗಳನ್ನು ತೋರಿಸಲು ಗಿಫ್ ಪ್ರಮುಖ ಮಾದರಿಗಳಲ್ಲಿ ಒಂದಾಯಿತು.

ಎಲ್‌ಜೆಡ್‌ಡಬ್ಲ್ಯೂ ವಿಧಾನ

ಈ ಹೆಸರು ಅಬ್ರಹಾಂ ಲೆಂಪೆಲ್, ಜೇಕಬ್ ಜಿವ್ ಮತ್ತು ಟೆರ್ರಿ ವೆಲ್ಚ್ ಎಂಬ ಮೂವರ ಹೆಸರುಗಳ ಮೊದಲ ಅಕ್ಷರಗಳಿಂದ ಬಂದಿದೆ. ಇಸ್ರೇಲಿನ ವಿಜ್ಞಾನಿಗಳಾದ ಲೆಂಪೆಲ್ ಮತ್ತು ಜಿವ್ 1977 ಮತ್ತು 1978ರಲ್ಲಿ ದತ್ತಾಂಶ ಸಂಕೋಚನದ ಬಗ್ಗೆ ಎರಡು ಪ್ರಬಂಧಗಳನ್ನು ಪ್ರಕಟಿಸಿದರು. ಎರಡನೆಯ ಪ್ರಬಂಧದ ವಿಧಾನವನ್ನು ವೆಲ್ಚ್ ಸುಧಾರಿಸಿ 1984ರಲ್ಲಿ ಐಇಇಇ ಸಂಸ್ಥೆಯ ನಿಯತಕಾಲಿಕೆಯಲ್ಲಿ ವಿವರಿಸಿದರು.

ದತ್ತಾಂಶದಲ್ಲಿ ಮತ್ತೆ ಮತ್ತೆ ಬರುವ ಸರಣಿಗಳನ್ನು ಒಂದು ಪಟ್ಟಿಯಲ್ಲಿ ದಾಖಲಿಸಿ, ಮುಂದೆ ಆ ಸರಣಿ ಬಂದಾಗ ಅದರ ಬದಲಿಗೆ ಪಟ್ಟಿಯ ಕ್ರಮಸಂಖ್ಯೆಯನ್ನಷ್ಟೇ ಬರೆಯುವುದು ಈ ವಿಧಾನದ ತಿರುಳು. ಉದಾಹರಣೆಗೆ 'ಕಮಲಕಮಲಕಮಲ' ಎಂಬ ಒಂಬತ್ತು ಅಕ್ಷರಗಳ ಸರಣಿಯನ್ನು ತೆಗೆದುಕೊಳ್ಳಬಹುದು. ಆರಂಭದಲ್ಲಿ ಪಟ್ಟಿಯಲ್ಲಿ 'ಕ' 1, 'ಮ' 2, 'ಲ' 3 ಎಂದಷ್ಟೇ ಇರುತ್ತದೆ. ಓದುತ್ತಾ ಹೋದಂತೆ 'ಕಮ' 4, 'ಮಲ' 5, 'ಲಕ' 6 ಎಂದು ಹೊಸ ಸರಣಿಗಳು ಸೇರುತ್ತವೆ. ಕೊನೆಗೆ ಇಡೀ ಸರಣಿಯು 1, 2, 3, 4, 6, 5 ಎಂಬ ಆರು ಸಂಖ್ಯೆಗಳಿಗೆ ಇಳಿಯುತ್ತದೆ. ಸಂಖ್ಯೆಗಳನ್ನು ಪಡೆದ ಗಣಕಯಂತ್ರವು ಅದೇ ಪಟ್ಟಿಯನ್ನು ತಾನಾಗಿಯೇ ಮರಳಿ ಕಟ್ಟಿಕೊಳ್ಳಬಲ್ಲದು. ಹೀಗಾಗಿ ಪಟ್ಟಿಯನ್ನು ಬೇರೆಯಾಗಿ ಕಳುಹಿಸಬೇಕಿಲ್ಲ. ಮೂಲ ದತ್ತಾಂಶದ ಒಂದಂಶವೂ ನಷ್ಟವಾಗುವುದಿಲ್ಲ.

ಪೇಟೆಂಟ್‌ಗಳು

ವೆಲ್ಚ್ ಸ್ಪೆರ್ರಿ ಸಂಸ್ಥೆಯಲ್ಲಿ ಉದ್ಯೋಗಿಯಾಗಿದ್ದಾಗ ಈ ವಿಧಾನವನ್ನು ರೂಪಿಸಿದ್ದರು. 1983ರ ಜೂನ್ 20ರಂದು ಅಮೆರಿಕದಲ್ಲಿ ಪೇಟೆಂಟ್ ಅರ್ಜಿ ಸಲ್ಲಿಕೆಯಾಯಿತು. 1985ರ ಡಿಸೆಂಬರ್ 10ರಂದು 4,558,302 ಸಂಖ್ಯೆಯ ಪೇಟೆಂಟ್ ದೊರೆಯಿತು. 1986ರಲ್ಲಿ ಸ್ಪೆರ್ರಿ ಮತ್ತು ಬರೋಸ್ ಸಂಸ್ಥೆಗಳು ಒಂದಾಗಿ ಯುನಿಸಿಸ್ ಸ್ಥಾಪನೆಯಾದಾಗ ಪೇಟೆಂಟ್ ಹಕ್ಕು ಹೊಸ ಸಂಸ್ಥೆಗೆ ಬಂದಿತು. ಯುನಿಸಿಸ್ ಬ್ರಿಟನ್, ಫ್ರಾನ್ಸ್, ಜರ್ಮನಿ, ಇಟಲಿ, ಜಪಾನ್ ಮತ್ತು ಕೆನಡಾಗಳಲ್ಲಿಯೂ ಹಕ್ಕು ಹೊಂದಿತ್ತು.

ಐಬಿಎಂ ಸಂಸ್ಥೆಯು ಬಹುಮಟ್ಟಿಗೆ ಇದೇ ವಿಧಾನಕ್ಕಾಗಿ 1983ರ ಜೂನ್ 1ರಂದು, ಎಂದರೆ ಸ್ಪೆರ್ರಿಗಿಂತ ಸುಮಾರು ಮೂರು ವಾರ ಮೊದಲೇ, ಅರ್ಜಿ ಸಲ್ಲಿಸಿತ್ತು. ಅದಕ್ಕೂ 1989ರಲ್ಲಿ ಪೇಟೆಂಟ್ ದೊರೆಯಿತು. ಒಂದೇ ವಿಧಾನಕ್ಕೆ ಇಬ್ಬರಿಗೆ ಪೇಟೆಂಟ್ ನೀಡಿದ್ದನ್ನು ಅಮೆರಿಕದ ಪೇಟೆಂಟ್ ಪರಿಶೀಲನಾ ವ್ಯವಸ್ಥೆಯ ಲೋಪವೆಂದು ಟೀಕಾಕಾರರು ಎತ್ತಿ ತೋರಿಸಿದ್ದಾರೆ.

ವಿವಾದದ ಆರಂಭ

ಗಿಫ್ ಮಾದರಿಯಲ್ಲಿ ಎಲ್‌ಜೆಡ್‌ಡಬ್ಲ್ಯೂ ಬಳಕೆಯಾಗಿರುವುದನ್ನು ತಿಳಿದ ಯುನಿಸಿಸ್ 1993ರಲ್ಲಿ ಕಂಪ್ಯುಸರ್ವ್ ಜೊತೆ ಮಾತುಕತೆ ಆರಂಭಿಸಿತು. 1994ರ ಜೂನ್‌ನಲ್ಲಿ ಎರಡೂ ಸಂಸ್ಥೆಗಳ ನಡುವೆ ಒಪ್ಪಂದವಾಯಿತು. ಆದರೆ ಇದು ಸಾರ್ವಜನಿಕರಿಗೆ ತಿಳಿದದ್ದು ಅದೇ ವರ್ಷದ ಡಿಸೆಂಬರ್ ಕೊನೆಯ ವಾರದಲ್ಲಿ. ಗಿಫ್ ಬಳಸುವ ತಂತ್ರಾಂಶಗಳನ್ನು ತಯಾರಿಸುವವರು ಇನ್ನು ಮುಂದೆ ಪರವಾನಗಿ ಪಡೆದು ಶುಲ್ಕ ತೆರಬೇಕೆಂಬುದು ಪ್ರಕಟಣೆಯ ಸಾರವಾಗಿತ್ತು.

ಹೊಸ ವರ್ಷದ ಹೊಸ್ತಿಲಲ್ಲಿ ಬಂದ ಈ ಪ್ರಕಟಣೆ ತಂತ್ರಾಂಶ ರಚಿಸುವವರಲ್ಲಿ ತೀವ್ರ ಅಸಮಾಧಾನವನ್ನುಂಟುಮಾಡಿತು. ವಿರೋಧ ಹೆಚ್ಚಿದಾಗ, ಲಾಭರಹಿತವಾಗಿ ಹಂಚುವ ತಂತ್ರಾಂಶಗಳಿಂದ ಶುಲ್ಕ ಕೇಳುವುದಿಲ್ಲವೆಂದೂ, 1995ಕ್ಕೆ ಮೊದಲು ಅರಿಯದೆ ನಡೆದ ಉಲ್ಲಂಘನೆಗಳ ಬೆನ್ನು ಹತ್ತುವುದಿಲ್ಲವೆಂದೂ ಯುನಿಸಿಸ್ ಸ್ಪಷ್ಟಪಡಿಸಿತು.

ವಾದ ಪ್ರತಿವಾದಗಳು

ಯುನಿಸಿಸ್‌ನ ಪರವಾಗಿದ್ದವರ ವಾದ ಹೀಗಿತ್ತು: ಪೇಟೆಂಟ್ ಕಾನೂನುಬದ್ಧವಾಗಿ ದೊರೆತದ್ದು. ಅದು ಸಾರ್ವಜನಿಕ ದಾಖಲೆಯಾದುದರಿಂದ ಹುಡುಕಿ ನೋಡುವ ಹೊಣೆ ಬಳಸುವವರದೇ ಆಗಿತ್ತು. ಸಂಶೋಧನೆಗೆ ಹಣ ತೊಡಗಿಸಿದ ಸಂಸ್ಥೆಗೆ ಪ್ರತಿಫಲ ಸಿಗುವುದು ನ್ಯಾಯ. ನೂರಕ್ಕೂ ಹೆಚ್ಚು ಸಂಸ್ಥೆಗಳು ಪರವಾನಗಿ ಪಡೆದುಕೊಂಡಿದ್ದವು ಎಂಬುದನ್ನೂ ಅವರು ಸಮರ್ಥನೆಗೆ ಬಳಸಿದರು.

ವಿರೋಧಿಗಳ ವಾದ ಇದಕ್ಕೆ ಭಿನ್ನವಾಗಿತ್ತು. ಎಲ್‌ಜೆಡ್‌ಡಬ್ಲ್ಯೂ ಮೂಲತಃ ಒಂದು ಗಣಿತ ವಿಧಾನ. ಗಣಿತಕ್ಕೆ ಒಡೆಯರಿರಬಾರದು ಎಂಬುದು ಮೊದಲನೆಯದು. ಇಡೀ ಜಗತ್ತು ಒಂದು ಮಾದರಿಗೆ ಒಗ್ಗಿಕೊಂಡು, ಅದನ್ನು ಬಿಡುವುದು ದುಬಾರಿಯಾದ ಮೇಲೆ ಶುಲ್ಕ ಕೇಳುವುದು ಅನ್ಯಾಯವೆಂಬುದು ಎರಡನೆಯದು. ದೊಡ್ಡ ಸಂಸ್ಥೆಗಳಿಗೆ ಶುಲ್ಕ ಹೊರೆಯಾಗದಿದ್ದರೂ, ತಂತ್ರಾಂಶವನ್ನು ಬರೆದು ಉಚಿತವಾಗಿ ಹಂಚುವ ವ್ಯಕ್ತಿಗೆ ಪ್ರತಿಯೊಂದರ ಲೆಕ್ಕವಿಟ್ಟು ಹಣ ಕಟ್ಟುವುದು ಅಸಾಧ್ಯವೆಂಬುದು ಮೂರನೆಯದು.

ಅಮೆರಿಕದ ಕಾನೂನಿನಲ್ಲಿಯೂ ಈ ಪ್ರಶ್ನೆ ಸರಳವಾಗಿರಲಿಲ್ಲ. ಗಣಿತ ಸೂತ್ರಕ್ಕೆ ಸಮನಾದ ಗಣಕ ವಿಧಾನಕ್ಕೆ ಪೇಟೆಂಟ್ ಸಲ್ಲದೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1972ರ ಗಾಟ್‌ಶಾಕ್–ಬೆನ್ಸನ್ ಪ್ರಕರಣದಲ್ಲಿ ತೀರ್ಪಿತ್ತಿತ್ತು. 1981ರ ಡೈಮಂಡ್–ಡೀರ್ ಪ್ರಕರಣದಲ್ಲಿ, ಗಣಕ ಕಾರ್ಯಕ್ರಮವನ್ನು ಬಳಸುವ ಕೈಗಾರಿಕಾ ಪ್ರಕ್ರಿಯೆಗೆ ಪೇಟೆಂಟ್ ನೀಡಬಹುದೆಂದು ಅದೇ ನ್ಯಾಯಾಲಯ ಹೇಳಿತು. ಈ ಎರಡನೆಯ ತೀರ್ಪಿನ ನಂತರ ತಂತ್ರಾಂಶ ಪೇಟೆಂಟ್‌ಗಳ ಸಂಖ್ಯೆ ಏರುತ್ತಾ ಹೋಯಿತು.

ಪಿಎನ್‌ಜಿಯ ಉಗಮ

ಪ್ರಕಟಣೆ ಹೊರಬಿದ್ದ ಒಂದು ವಾರದೊಳಗೆ, 1995ರ ಜನವರಿ 4ರಂದು, ಥಾಮಸ್ ಬೌಟೆಲ್ ಅವರು ಪೇಟೆಂಟ್ ಮುಕ್ತವಾದ ಹೊಸ ಚಿತ್ರ ಮಾದರಿಯ ಕರಡನ್ನು ಸಾರ್ವಜನಿಕ ಚರ್ಚೆಗೆ ಮಂಡಿಸಿದರು. ಬೇರೆ ಬೇರೆ ಊರುಗಳಲ್ಲಿದ್ದ ಆಸಕ್ತರು ಬರವಣಿಗೆಯ ಮೂಲಕವೇ ಚರ್ಚಿಸಿ ಕರಡನ್ನು ತಿದ್ದಿದರು. ಎರಡು ತಿಂಗಳ ಅವಧಿಯಲ್ಲಿ ಅದರ ರೂಪರೇಷೆ ಸ್ಥಿರಗೊಂಡಿತು. ಇದೇ ಪಿಎನ್‌ಜಿ. 'ಪಿಎನ್‌ಜಿ ಎಂದರೆ ಗಿಫ್ ಅಲ್ಲ' ಎಂಬರ್ಥದ ತಮಾಷೆಯ ವಿಸ್ತರಣೆಯೂ ಈ ಹೆಸರಿಗಿದೆ.

ಸಂಕೋಚನಕ್ಕಾಗಿ ಪಿಎನ್‌ಜಿ ರಚನಕಾರರು ಫಿಲ್ ಕಾಟ್ಜ್ ರೂಪಿಸಿದ್ದ ಡಿಫ್ಲೇಟ್ ವಿಧಾನವನ್ನು ಆರಿಸಿಕೊಂಡರು. ಇದು ಲೆಂಪೆಲ್ ಮತ್ತು ಜಿವ್ ಅವರ 1977ರ ಪ್ರಬಂಧವನ್ನು ಆಧರಿಸಿದ್ದು, ವೆಲ್ಚ್ ಪೇಟೆಂಟ್‌ನ ವ್ಯಾಪ್ತಿಯಿಂದ ಹೊರಗಿತ್ತು. ಝಾನ್-ಲೂ ಗೈಯಿ ಮತ್ತು ಮಾರ್ಕ್ ಆಡ್ಲರ್ 1992ರಲ್ಲಿ ಹೊರತಂದ ಜಿಜಿಪ್ ತಂತ್ರಾಂಶದಲ್ಲಿ ಈ ವಿಧಾನ ಆಗಲೇ ಬಳಕೆಯಲ್ಲಿತ್ತು. ಜಿಜಿಪ್ ಕೂಡ ಎಲ್‌ಜೆಡ್‌ಡಬ್ಲ್ಯೂ ಪೇಟೆಂಟ್‌ನ ಕಾರಣದಿಂದಲೇ ಯುನಿಕ್ಸ್‌ನ ಹಳೆಯ ಸಂಕೋಚನ ತಂತ್ರಾಂಶಕ್ಕೆ ಬದಲಿಯಾಗಿ ಹುಟ್ಟಿತ್ತು.

ಪಿಎನ್‌ಜಿಯು 256 ಬಣ್ಣಗಳ ಮಿತಿಯನ್ನು ಮೀರಿತು. ಗಿಫ್‌ನಲ್ಲಿ ಒಂದು ಬಿಂದು ಪೂರ್ಣ ಪಾರದರ್ಶಕ ಅಥವಾ ಪೂರ್ಣ ಅಪಾರದರ್ಶಕವಾಗಿರಬೇಕಿತ್ತು. ಪಿಎನ್‌ಜಿಯಲ್ಲಿ ಪಾರದರ್ಶಕತೆಯ ಹಲವು ಹಂತಗಳು ಸಾಧ್ಯವಾದವು. ಆದರೆ ಮೂಲ ಪಿಎನ್‌ಜಿಯಲ್ಲಿ ಚಲಿಸುವ ಚಿತ್ರಗಳಿಗೆ ಅವಕಾಶವಿರಲಿಲ್ಲ. 1996ರ ಅಕ್ಟೋಬರ್ 1ರಂದು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಇದನ್ನು ತನ್ನ ಶಿಫಾರಸು ಎಂದು ಪ್ರಕಟಿಸಿತು. ಮುಂದೆ ಇದು ಐಎಸ್‌ಒ ಮಾನಕವೂ ಆಯಿತು.

1999ರ ಘಟನೆಗಳು

1999ರ ಆಗಸ್ಟ್‌ನಲ್ಲಿ ಯುನಿಸಿಸ್ ತನ್ನ ನೀತಿಯನ್ನು ಬಿಗಿಗೊಳಿಸಿತು. ಉಚಿತ ತಂತ್ರಾಂಶಗಳಿಗೆ ನೀಡಿದ್ದ ರಿಯಾಯಿತಿ ಕೊನೆಗೊಂಡಿತು. ಪರವಾನಗಿ ಇಲ್ಲದ ತಂತ್ರಾಂಶದಿಂದ ತಯಾರಾದ ಗಿಫ್ ಚಿತ್ರಗಳನ್ನು ಬಳಸುವ ಕೆಲವು ಜಾಲತಾಣಗಳ ಮಾಲೀಕರು 5000 ಅಥವಾ 7500 ಡಾಲರ್ ಶುಲ್ಕ ತೆರಬೇಕಾಗಬಹುದು ಎಂದಾಯಿತು. ಅಲ್ಲಿಯವರೆಗೆ ತಂತ್ರಾಂಶ ತಯಾರಕರಿಗೆ ಸೀಮಿತವಾಗಿದ್ದ ಆತಂಕ ಈಗ ಸಾಮಾನ್ಯ ಜಾಲತಾಣ ನಡೆಸುವವರನ್ನೂ ತಟ್ಟಿತು.

ಇದಕ್ಕೆ ಪ್ರತಿಭಟನೆಯಾಗಿ 1999ರ ನವೆಂಬರ್ 5ನ್ನು 'ಎಲ್ಲ ಗಿಫ್‌ಗಳನ್ನು ಸುಡುವ ದಿನ'ವೆಂದು ಆಚರಿಸಲು ಕರೆ ನೀಡಲಾಯಿತು. ಗಿಫ್ ಕಡತಗಳನ್ನು ಪಿಎನ್‌ಜಿಗೆ ಬದಲಾಯಿಸಬೇಕೆಂಬುದು ಕರೆಯ ಆಶಯವಾಗಿತ್ತು. ಗ್ನು ಯೋಜನೆಯು ತನ್ನ ಜಾಲಪುಟಗಳಲ್ಲಿ ಗಿಫ್ ಚಿತ್ರಗಳನ್ನು ಬಳಸದಿರುವ ಕಾರಣವನ್ನು ವಿವರಿಸುವ ಪುಟವನ್ನೇ ಪ್ರಕಟಿಸಿತು. ಬೌಟೆಲ್ ಅವರ ಜಿಡಿ ಎಂಬ ಜನಪ್ರಿಯ ಚಿತ್ರ ತಂತ್ರಾಂಶದಿಂದ ಗಿಫ್ ಸೌಲಭ್ಯವನ್ನು ಇದೇ ವರ್ಷ ತೆಗೆದುಹಾಕಲಾಯಿತು. ಪೇಟೆಂಟ್‌ಗಳ ಅವಧಿ ಮುಗಿದ ಮೇಲೆ, 2004ರಲ್ಲಿ, ಅದನ್ನು ಮತ್ತೆ ಸೇರಿಸಲಾಯಿತು.

ಪೇಟೆಂಟ್ ಅವಧಿಯ ಮುಕ್ತಾಯ

ಅಮೆರಿಕದಲ್ಲಿ ಅಂದಿನ ಪೇಟೆಂಟ್‌ಗಳಿಗೆ, ಮಂಜೂರಾದ ದಿನದಿಂದ 17 ವರ್ಷ ಅಥವಾ ಅರ್ಜಿಯ ದಿನದಿಂದ 20 ವರ್ಷ, ಇವುಗಳಲ್ಲಿ ಯಾವುದು ದೀರ್ಘವೋ ಅದು ಅನ್ವಯವಾಗುತ್ತಿತ್ತು. ಅದರಂತೆ ವೆಲ್ಚ್ ಪೇಟೆಂಟ್ 2003ರ ಜೂನ್ 20ರಂದು ಕೊನೆಗೊಂಡಿತು. 2004ರ ಜೂನ್‌ನಲ್ಲಿ ಯುರೋಪಿನ ನಾಲ್ಕು ದೇಶಗಳು ಹಾಗೂ ಜಪಾನ್‌ನಲ್ಲಿ, ಜುಲೈನಲ್ಲಿ ಕೆನಡಾದಲ್ಲಿ ಯುನಿಸಿಸ್‌ನ ಹಕ್ಕು ಮುಗಿಯಿತು. ಐಬಿಎಂ ಪೇಟೆಂಟ್ 2006ರಲ್ಲಿ ಕೊನೆಗೊಂಡಿತು. ಈಗ ಗಿಫ್ ಮಾದರಿಯನ್ನು ಎಲ್‌ಜೆಡ್‌ಡಬ್ಲ್ಯೂ ಸಹಿತವಾಗಿ ಯಾರು ಬೇಕಾದರೂ ಬಳಸಬಹುದು.

ಪರಿಣಾಮಗಳು

ಗಿಫ್ ಕಣ್ಮರೆಯಾಗಲಿಲ್ಲ. ಚಿಕ್ಕ ಚಲಿಸುವ ಚಿತ್ರಗಳನ್ನು ತೋರಿಸುವ ಸಾಮರ್ಥ್ಯವೇ ಅದನ್ನು ಉಳಿಸಿತು. ನಿಶ್ಚಲ ಚಿತ್ರಗಳಲ್ಲಿ ಮಾತ್ರ ಪಿಎನ್‌ಜಿ ಅದರ ಸ್ಥಾನವನ್ನು ಬಹುಪಾಲು ಪಡೆದುಕೊಂಡಿತು. ಈ ಬದಲಾವಣೆಗೆ ಕಾಲ ಹಿಡಿಯಿತು. ವ್ಯಾಪಕ ಬಳಕೆಯಲ್ಲಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬ್ರೌಸರ್ ಪಿಎನ್‌ಜಿಯ ಪಾರದರ್ಶಕತೆಯನ್ನು ಸರಿಯಾಗಿ ತೋರಿಸಲಾರಂಭಿಸಿದ್ದು 2006ರ ಏಳನೆಯ ಆವೃತ್ತಿಯಲ್ಲಿ.

ಒಂದು ಮಾದರಿಯ ವಿವರಣೆಯನ್ನು ಪ್ರಕಟಿಸಿದ ಮಾತ್ರಕ್ಕೆ ಅದು ಮುಕ್ತವಾಗುವುದಿಲ್ಲ, ಅದರೊಳಗಿನ ಪ್ರತಿಯೊಂದು ವಿಧಾನದ ಹಕ್ಕು ಯಾರದೆಂದು ಮೊದಲೇ ತಿಳಿಯಬೇಕು ಎಂಬ ಎಚ್ಚರವನ್ನು ಈ ವಿವಾದ ಮೂಡಿಸಿತು. ವೆಬ್ ಕನ್ಸಾರ್ಷಿಯಂನಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. ಶುಲ್ಕ ಸಹಿತ ಪೇಟೆಂಟ್‌ಗಳಿಗೆ ಅವಕಾಶ ನೀಡುವ 2001ರ ಕರಡು ನೀತಿಗೆ ಸಾರ್ವಜನಿಕರಿಂದ ಭಾರಿ ವಿರೋಧ ಬಂದಿತು. ಅಂತಿಮವಾಗಿ, ತನ್ನ ಮಾನಕಗಳನ್ನು ಶುಲ್ಕವಿಲ್ಲದೆ ಜಾರಿಗೊಳಿಸಲು ಸಾಧ್ಯವಾಗುವಂತಹ ಪೇಟೆಂಟ್ ನೀತಿಯನ್ನು ಆ ಸಂಸ್ಥೆ ಅಳವಡಿಸಿಕೊಂಡಿತು. ಯುರೋಪಿನಲ್ಲಿ ಗಣಕ ಸಂಬಂಧಿ ಆವಿಷ್ಕಾರಗಳ ಪೇಟೆಂಟ್ ಕುರಿತ ನಿರ್ದೇಶನವನ್ನು 2005ರ ಜುಲೈ 6ರಂದು ಯುರೋಪಿಯನ್ ಸಂಸತ್ತು 648 ಮತಗಳಿಂದ ತಿರಸ್ಕರಿಸಿತು. ಪರವಾಗಿ ಬಂದದ್ದು 14 ಮತಗಳು.

ಭಾರತದ ಕಾನೂನು

ಭಾರತದಲ್ಲಿ 1970ರ ಪೇಟೆಂಟ್ ಕಾಯಿದೆಗೆ 2002ರಲ್ಲಿ ತಂದ ತಿದ್ದುಪಡಿಯು 3(ಕೆ) ಉಪವಿಧಿಯನ್ನು ಸೇರಿಸಿತು. ಅದರ ಪ್ರಕಾರ ಗಣಿತ ವಿಧಾನ, ವ್ಯವಹಾರ ವಿಧಾನ, ಗಣಕ ಕಾರ್ಯಕ್ರಮ ತನ್ನಷ್ಟಕ್ಕೆ ತಾನೇ, ಮತ್ತು ಅಲ್ಗಾರಿದಮ್‌ಗಳು ಪೇಟೆಂಟ್ ಪಡೆಯಬಹುದಾದ ಆವಿಷ್ಕಾರಗಳಲ್ಲ. ಈ ನಿರ್ಬಂಧವನ್ನು ಸಡಿಲಿಸುವ ಅಂಶವೊಂದು 2004ರ ಕೊನೆಯಲ್ಲಿ ಹೊರಡಿಸಿದ ಸುಗ್ರೀವಾಜ್ಞೆಯಲ್ಲಿತ್ತು. 2005ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಕಾಯಿದೆಯಲ್ಲಿ ಅದನ್ನು ಕೈಬಿಡಲಾಯಿತು. 'ತನ್ನಷ್ಟಕ್ಕೆ ತಾನೇ' ಎಂಬ ಮಾತಿನ ವ್ಯಾಪ್ತಿ ಎಷ್ಟೆಂಬುದು ಪೇಟೆಂಟ್ ಕಚೇರಿ ಹಾಗೂ ನ್ಯಾಯಾಲಯಗಳಲ್ಲಿ ಚರ್ಚೆಗೆ ಒಳಗಾಗುತ್ತಲೇ ಇದೆ.